ದೋಣಿಯ ಮೇಲೊಂದು ಸೀಲಿಂಗ್ ಫ್ಯಾನ್: ಆ 400 ವ್ಯಾಟ್ ನಿಜವಾಗಿ ಎಷ್ಟು?

ಹಾಸ್ಟೆಲ್ ರೂಮಿನ ಸೀಲಿಂಗ್ ಫ್ಯಾನ್ ಕಡೆ ಒಂದು ಸಲ ತಲೆ ಎತ್ತಿ ನೋಡಿ. ಸಾಮಾನ್ಯವಾಗಿ ಅದರ ಅಳತೆ 1200 ಮಿಲಿಮೀಟರ್. ಅಂದ್ರೆ ರೆಕ್ಕೆಗಳು ತಿರುಗುವ ವೃತ್ತದ ವ್ಯಾಸ 1.2 ಮೀಟರ್. ಹಳೇ ಮಾದರಿ ಫ್ಯಾನ್ ಆದ್ರೆ ಸುಮಾರು 75 ವ್ಯಾಟ್ ಕರೆಂಟ್ ತಿನ್ನುತ್ತೆ.

ಈಗ ಇದನ್ನೇ ಉಲ್ಟಾ ಮಾಡೋಣ. ಕರೆಂಟ್ ಕೊಟ್ಟು ಗಾಳಿ ಪಡೆಯೋ ಬದಲು, ಗಾಳಿ ಕೊಟ್ಟು ಕರೆಂಟ್ ಪಡೆಯೋದು. ಕೆರಿಬಿಯನ್ ಸಮುದ್ರದ ಗ್ರೆನಡಾ, ಸೇಂಟ್ ವಿನ್ಸೆಂಟ್, ಡೊಮಿನಿಕಾ ಕಡೆ ಲಂಗರು ಹಾಕಿ ನಿಂತ ಎಷ್ಟೋ ಹಾಯಿದೋಣಿಗಳ ಹಿಂಭಾಗದಲ್ಲಿ, ಒಂದು ಕಬ್ಬಿಣದ ಪೈಪಿನ ತುದಿಗೆ, ಹೆಚ್ಚುಕಡಿಮೆ ಇದೇ ಅಳತೆಯ ಒಂದು ವಿಂಡ್ ಜನರೇಟರ್ ಗಿರಗಿರ ತಿರುಗ್ತಾ ಇರುತ್ತೆ. ಅದರ ಡಬ್ಬದ ಮೇಲೆ ಬರೆದಿರೋದು '400 ವ್ಯಾಟ್'. ನಾವು ತಿಳಿದುಕೊಳ್ಳಬೇಕು ಅಂತ ಹೊರಟಿದ್ದು ಇಷ್ಟೇ: ಆ 400 ಎಲ್ಲಿಂದ ಬಂತು, ದೋಣಿಯವರ ಕೈಗೆ ನಿಜವಾಗಿ ಎಷ್ಟು ಸಿಗುತ್ತೆ?

ಈ ದೋಣಿಗಳು ವಾರಾಂತ್ಯದ ಮೋಜಿನವಲ್ಲ. ಹತ್ತು-ಹದಿನೈದು ಮೀಟರ್ ಉದ್ದದ ದೋಣಿಯಲ್ಲೇ ಸಂಸಾರ ಹೂಡಿ ವರ್ಷಗಟ್ಟಲೆ ಬದುಕುವ ಜನ ಇದ್ದಾರೆ. ಅಲ್ಲಿಗೆ ಯಾವ ಕರೆಂಟ್ ಕಂಬವೂ ಬರೋದಿಲ್ಲ. ಬ್ಯಾಟರಿ ಖಾಲಿ ಆದ್ರೆ ಬರೀ ಫೋನ್ ಆಫ್ ಆಗೋದಲ್ಲ. ರಾತ್ರಿ 'ಇಲ್ಲೊಂದು ದೋಣಿ ನಿಂತಿದೆ' ಅಂತ ಬೇರೆಯವರಿಗೆ ತೋರಿಸುವ ದೀಪ ಆರುತ್ತೆ, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪ್ ನಿಲ್ಲುತ್ತೆ, ಸಹಾಯ ಕೇಳುವ ರೇಡಿಯೋನೂ ಸುಮ್ಮನಾಗುತ್ತೆ. ಹಾಗಾಗಿ ಈ ಲೆಕ್ಕ ತಪ್ಪಿದರೆ ಅದು ಜೀವಕ್ಕೇ ಸಂಬಂಧಪಟ್ಟ ವಿಷಯ.

ಐಡಿಯಾ ಏನೂ ಹೊಸದಲ್ಲ. 1893ರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ತಮ್ಮ 'ಫ್ರಾಮ್' ಹಡಗನ್ನು ಬೇಕಂತಲೇ ಆರ್ಕ್ಟಿಕ್ ಹಿಮದಲ್ಲಿ ಸಿಕ್ಕಿಸಿಕೊಂಡು ಅದರ ಜೊತೆಗೇ ತೇಲಿದರು. ತಿಂಗಳುಗಟ್ಟಲೆ ಸೂರ್ಯನೇ ಕಾಣದ ಆ ಕತ್ತಲಲ್ಲಿ ಹಡಗಿನ ಮೇಲೆ ಒಂದು ಗಾಳಿಯಂತ್ರ ನಿಲ್ಲಿಸಿ, ಅದರಿಂದ ಡೈನಮೋ ತಿರುಗಿಸಿ, ವಿದ್ಯುತ್ ದೀಪ ಉರಿಸಿದರು. ಸೂರ್ಯ ಕೈಕೊಟ್ಟಾಗ ಗಾಳಿ ಅನ್ನುವ ಅದೇ ತರ್ಕ ಇವತ್ತಿಗೂ ನಡೀತಿದೆ.

ಮೊದಲು ಖರ್ಚು ಬರ್ಕೊಳ್ಳಿ

ಜನರೇಟರ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ದಿನದ ಖರ್ಚಿನ ಪಟ್ಟಿ. ಒಂದು ಸರಳ ಉದಾಹರಣೆ ತಗೊಳ್ಳೋಣ. 12 ವೋಲ್ಟ್‌ನ ಸಣ್ಣ ಫ್ರಿಡ್ಜ್ ಓಡುವಾಗ 45 ವ್ಯಾಟ್ ಎಳೆಯುತ್ತೆ, ದಿನದಲ್ಲಿ ಅರ್ಧ ಹೊತ್ತು ಓಡುತ್ತೆ ಅಂದ್ಕೊಳ್ಳಿ: 540 ವ್ಯಾಟ್-ಅವರ್. ಎಲ್‌ಇಡಿ ದೀಪಗಳಿಗೆ 100. ಫೋನ್, ಲ್ಯಾಪ್‌ಟಾಪ್‌ಗೆ 200. ನೀರಿನ ಪಂಪ್, ರೇಡಿಯೋ, ಇತರ ಉಪಕರಣಗಳಿಗೆ 160. ಒಟ್ಟು 1000 ವ್ಯಾಟ್-ಅವರ್. ಮನೆ ಮೀಟರ್ ಭಾಷೆಯಲ್ಲಿ ಹೇಳೋದಾದ್ರೆ ದಿನಕ್ಕೆ ಒಂದು ಯೂನಿಟ್.

ಇದಕ್ಕೆ 50 ವ್ಯಾಟ್ ಎಳೆಯುವ ಒಂದು ಉಪಗ್ರಹ ಇಂಟರ್ನೆಟ್ ಡಿಶ್ ಸೇರಿಸಿ 24 ಗಂಟೆ ಆನ್ ಇಟ್ರೆ, ಅದೊಂದೇ 1200 ತಿನ್ನುತ್ತೆ. ಖರ್ಚು ಡಬಲ್‌ಗಿಂತ ಜಾಸ್ತಿ! 50 ವ್ಯಾಟ್ ನೋಡೋಕೆ ಚಿಕ್ಕದು, 24ರಿಂದ ಗುಣಿಸಿದಾಗ ಚಿಕ್ಕದಲ್ಲ.

ಗಾಳಿಯ ಲೆಕ್ಕದಲ್ಲಿ 'ಘನ' ಇದೆ

ಈಗ ಆದಾಯದ ಕಡೆ ಬರೋಣ. ಗಾಳಿಯಲ್ಲಿರುವ ಪವರ್‌ಗೆ ಸೂತ್ರ ನಮಗೆಲ್ಲ ಗೊತ್ತಿರೋದೇ: ಅರ್ಧ ಗುಣಿಸು ಗಾಳಿಯ ಸಾಂದ್ರತೆ ಗುಣಿಸು ವೃತ್ತದ ವಿಸ್ತೀರ್ಣ ಗುಣಿಸು ವೇಗದ ಘನ. ಚಲನಶಕ್ತಿಯಲ್ಲಿ ವೇಗದ ವರ್ಗ ಇರುತ್ತೆ; ಜೊತೆಗೆ ವೇಗ ಹೆಚ್ಚಾದಷ್ಟೂ ಸೆಕೆಂಡಿಗೆ ಹಾದುಹೋಗುವ ಗಾಳಿಯೂ ಹೆಚ್ಚು. ಅಲ್ಲಿ ಇನ್ನೊಂದು ವೇಗ ಸೇರಿ ಘನ ಆಗುತ್ತೆ. ವೇಗ ಎರಡು ಪಟ್ಟು ಆದ್ರೆ ಪವರ್ ಎಂಟು ಪಟ್ಟು. ವೇಗ ಅರ್ಧ ಆದ್ರೆ ಉಳಿಯೋದು ಎಂಟನೇ ಒಂದು ಭಾಗ.

ಇಷ್ಟನ್ನೂ ಹಿಡಿಯೋಕೆ ಆಗಲ್ಲ. ಗಾಳಿಯನ್ನು ಪೂರ್ತಿ ನಿಲ್ಲಿಸಿಬಿಟ್ರೆ ಹಿಂದಿನ ಗಾಳಿಗೆ ದಾರಿ ಎಲ್ಲಿ? ಗರಿಷ್ಠ 59.3 ಶೇಕಡಾ ಮಾತ್ರ ಹಿಡಿಯಬಹುದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ತೋರಿಸಿಕೊಟ್ಟರು. ರೆಕ್ಕೆ, ಆಲ್ಟರ್ನೇಟರ್, ವೈರ್ ಎಲ್ಲದರ ನಷ್ಟ ಕಳೆದು, ನಾವಿಲ್ಲಿ ಶೇಕಡಾ 30 ಅಂತ ಇಟ್ಟುಕೊಂಡಿದ್ದೀವಿ. ಸಾಂದ್ರತೆ 1.2, ವಿಸ್ತೀರ್ಣ 1.13 ಚದರ ಮೀಟರ್. ಹಾಕಿ ನೋಡಿ:

- ಸೆಕೆಂಡಿಗೆ 5 ಮೀಟರ್ ಗಾಳಿ: ಸುಮಾರು 25 ವ್ಯಾಟ್
- 7.5 ಮೀಟರ್: ಸುಮಾರು 86 ವ್ಯಾಟ್
- 10 ಮೀಟರ್: ಸುಮಾರು 200 ವ್ಯಾಟ್
- 12.5 ಮೀಟರ್: ಸುಮಾರು 400 ವ್ಯಾಟ್

ಸಿಕ್ಕಿತು ನೋಡಿ ಡಬ್ಬದ ಮೇಲಿನ ಸಂಖ್ಯೆ! ಕಂಪನಿ ಸುಳ್ಳು ಹೇಳಿಲ್ಲ. ಆದರೆ ಸೆಕೆಂಡಿಗೆ 12.5 ಮೀಟರ್ ಅಂದ್ರೆ ಗಂಟೆಗೆ 45 ಕಿಲೋಮೀಟರ್ ಗಾಳಿ. ಅಂಥ ಗಾಳಿಯಲ್ಲಿ ಸಣ್ಣ ದೋಣಿ ಹತ್ತಿ ತರಕಾರಿ ತರೋಕೆ ದಡಕ್ಕೆ ಹೋದ್ರೆ ಪೂರ್ತಿ ನೆನೆದೇ ವಾಪಸ್ ಬರಬೇಕು. ಸೆಕೆಂಡಿಗೆ 5 ಮೀಟರ್, ಅಂದ್ರೆ ಗಂಟೆಗೆ 18 ಕಿಲೋಮೀಟರ್‌ನ ಹಿತವಾದ ಗಾಳಿಯಲ್ಲಿ ಬರೋ 25 ವ್ಯಾಟ್, ಅದೇ ಅಳತೆಯ ನಮ್ಮ ಹಳೇ ಸೀಲಿಂಗ್ ಫ್ಯಾನ್ ಓಡಿಸೋಕೂ ಸಾಲಲ್ಲ.

ಕೆರಿಬಿಯನ್‌ನವರ ಅದೃಷ್ಟ ಅಂದ್ರೆ ವಾಣಿಜ್ಯ ಮಾರುತಗಳು. ಹೈಸ್ಕೂಲ್ ಭೂಗೋಳದಲ್ಲಿ ಓದಿದ್ವಲ್ಲ, ಅದೇ. ಚಳಿಗಾಲದ ತಿಂಗಳುಗಳಲ್ಲಿ ಪೂರ್ವದಿಂದ ಹಗಲು ರಾತ್ರಿ ಬೀಸುತ್ತವೆ, 15ರಿಂದ 20 ನಾಟ್ ಮಾಮೂಲು. ಸೆಕೆಂಡಿಗೆ ಸುಮಾರು 7.5ರಿಂದ 10 ಮೀಟರ್. 7.5 ಅಂತಲೇ ಹಿಡಿದರೂ ಇಡೀ ದಿನಕ್ಕೆ 2000 ವ್ಯಾಟ್-ಅವರ್ ದಾಟುತ್ತೆ, ಮೇಲಿನ ಪಟ್ಟಿಯ ಎರಡರಷ್ಟು. ಅದೇ 5 ಮೀಟರ್ ಇದ್ರೆ ಬರೀ 600, ಫ್ರಿಡ್ಜ್ ಖರ್ಚು ಕಳೆದರೆ ದೀಪಕ್ಕೂ ಸಾಲದು.

ದೋಣಿ ಓಡುವಾಗ ಗಾಳಿ ಕಡಿಮೆ

ಇಲ್ಲಿ ಒಂದು ಮಜಾ ಇದೆ. ಯುರೋಪಿನವರು ಕೆನರಿ ದ್ವೀಪಗಳಿಂದ ಅಟ್ಲಾಂಟಿಕ್ ದಾಟಿ ಕೆರಿಬಿಯನ್‌ಗೆ ಬರೋದು ಇದೇ ವಾಣಿಜ್ಯ ಮಾರುತಗಳ ಬೆನ್ನೇರಿ. ವಾರಗಟ್ಟಲೆ ಒಳ್ಳೇ ಗಾಳಿ, ಹಾಗಾದ್ರೆ ಕರೆಂಟ್ ಹೊಳೆಯಂತೆ ಹರಿಯಬೇಕಲ್ವಾ?

ಇಲ್ಲ. ಗಾಳಿ ಹಿಂದಿನಿಂದ 15 ನಾಟ್, ದೋಣಿ ಮುಂದಕ್ಕೆ 6 ನಾಟ್. ದೋಣಿಯ ಮೇಲೆ ನಿಂತವರಿಗೆ, ಜನರೇಟರ್‌ಗೂ, ತಾಗೋದು 15ರಲ್ಲಿ 6 ಕಳೆದ 9 ನಾಟ್ ಮಾತ್ರ. ಇದಕ್ಕೆ ಘನ ಹಾಕಿ: 0.6ರ ಘನ 0.216. ಅಂದ್ರೆ ಐದರಲ್ಲಿ ಒಂದು ಪಾಲು! ಸ್ವಯಂಚಾಲಿತ ಚುಕ್ಕಾಣಿ, ನ್ಯಾವಿಗೇಷನ್ ಉಪಕರಣ ಎಲ್ಲಾ ಓಡ್ತಾ ಖರ್ಚು ಜಾಸ್ತಿ ಇರೋ ಹೊತ್ತಲ್ಲೇ ಆದಾಯ ಕುಸಿಯುತ್ತೆ. ಗಾಳಿಗೆ ಎದುರಾಗಿ ಹೋಗುವಾಗ, ಅಥವಾ ಲಂಗರು ಹಾಕಿ ನಿಂತಾಗ, ಜನರೇಟರ್ ತನ್ನ ಕೆಲಸ ತೋರಿಸುತ್ತೆ.

ಲಂಗರು ಹಾಕುವ ಜಾಗವೂ ಮುಖ್ಯ. ಡೊಮಿನಿಕಾದ ಪ್ರಿನ್ಸ್ ರೂಪರ್ಟ್ ಕೊಲ್ಲಿ ದ್ವೀಪದ ಪಶ್ಚಿಮಕ್ಕಿದೆ, ಪೂರ್ವದಲ್ಲಿ ಬೆಟ್ಟ. ಬೆಟ್ಟದ ಮರೆಯಲ್ಲಿ ಗಾಳಿ ಒಡೆದು, ತಿರುಚಿಕೊಂಡು ಬರುತ್ತೆ. ಟೊಬ್ಯಾಗೊ ಕೇಸ್‌ನಲ್ಲಿ ಹಾಗಲ್ಲ. ಅಲ್ಲಿ ಕುದುರೆ ಲಾಳದಾಕಾರದ ಹವಳದ ದಿಬ್ಬ ಅಲೆಗಳನ್ನು ತಡೆಯುತ್ತೆ, ನೀರಿನ ಮಟ್ಟದ ದಿಬ್ಬ ಆದ್ದರಿಂದ ಗಾಳಿಯನ್ನು ತಡೆಯಲ್ಲ. ನೀರು ಶಾಂತ, ಗಾಳಿ ಪೂರ್ತಿ. ಇಂಗ್ಲೆಂಡಿನ ಕಾಲುವೆಗಳಲ್ಲಿ ಉದ್ದನೆಯ ಕಿರಿದಾದ ದೋಣಿಗಳಲ್ಲಿ ವಾಸಿಸುವವರ ಕಷ್ಟ ಇದರ ವಿರುದ್ಧ: ಚಳಿಗಾಲದಲ್ಲಿ ಸೂರ್ಯ ಮೇಲೇರೋದೇ ಇಲ್ಲ, ದಂಡೆಯ ಮರಗಳು ಗಾಳಿಯನ್ನೂ ಬಿಡಲ್ಲ.

ಎಲ್ಲಿ ಕೂರಿಸೋದು

ಪೈಪು ಯಾಕಷ್ಟು ಎತ್ತರ ಅಂದ್ರೆ ಮೊದಲ ಕಾರಣ ತಲೆ. ಒಳ್ಳೇ ರೆಕ್ಕೆಯ ತುದಿ ಗಾಳಿಗಿಂತ ಆರು ಪಟ್ಟು ವೇಗದಲ್ಲಿ ತಿರುಗುತ್ತೆ ಅಂದ್ಕೊಂಡ್ರೂ, 10 ಮೀಟರ್ ಗಾಳಿಯಲ್ಲಿ ಆ ತುದಿಯ ವೇಗ ಗಂಟೆಗೆ 216 ಕಿಲೋಮೀಟರ್. ಕೈ ಎತ್ತಿದರೂ ತಾಗದಷ್ಟು ಎತ್ತರ ಇರಲೇಬೇಕು. ಎರಡನೇದು, ಮೇಲೆ ಹೋದಷ್ಟೂ ಗಾಳಿ ಸ್ವಚ್ಛ.

ಎತ್ತರದ ಪೈಪು ಅಂದ್ರೆ ಉದ್ದನೆ ಕ್ಯಾಂಟಿಲಿವರ್. ತಿರುಗುವ ತೂಕ ತುದಿಯಲ್ಲಿ, ಬುಡದಲ್ಲಿ ಬೆಂಡಿಂಗ್ ಮೊಮೆಂಟ್. ಪೈಪಿನ ಸಹಜ ಆವರ್ತನಕ್ಕೆ ರೆಕ್ಕೆಗಳ ವೇಗ ಸರಿಹೊಂದಿದರೆ ಇಡೀ ದೋಣಿ ಗುಂಯ್‌ಗುಡುತ್ತೆ. ಅದಕ್ಕೇ ಎರಡು ಕಡೆಯಿಂದ ಓರೆ ಆಧಾರ, ಬುಡಕ್ಕೆ ರಬ್ಬರ್. ರೆಕ್ಕೆಯ ಸದ್ದು ಬೇರೆ. ರಾತ್ರಿಯಿಡೀ ಅದು ಕೂಗ್ತಾ ಇದ್ರೆ ಪಕ್ಕದ ದೋಣಿಯವರು ಬೆಳಿಗ್ಗೆ ಮಾತಾಡಿಸಲ್ಲ.

ವೈರ್ ವಿಷಯದಲ್ಲಿ ಜಿಪುಣತನ ಬೇಡ. 400 ವ್ಯಾಟ್ ಅಂದ್ರೆ 12 ವೋಲ್ಟ್‌ನಲ್ಲಿ 33 ಆಂಪಿಯರ್. ಬ್ಯಾಟರಿ 10 ಮೀಟರ್ ದೂರ ಇದ್ರೆ ಹೋಗಿಬರೋ ತಾಮ್ರ 20 ಮೀಟರ್. 10 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ಸುಮಾರು 1.1 ವೋಲ್ಟ್ ದಾರಿಯಲ್ಲೇ ಹೋಯ್ತು, ಹತ್ತರಲ್ಲಿ ಒಂದು ಪಾಲು. 25 ಚದರ ಮಿಲಿಮೀಟರ್ ಹಾಕಿದ್ರೆ ನಷ್ಟ ಅರ್ಧ ವೋಲ್ಟ್‌ಗಿಂತ ಕಡಿಮೆ.

ಬ್ಯಾಟರಿ ತುಂಬಿದ ಮೇಲೆ?

ಎಲ್ಲಕ್ಕಿಂತ ಅಪಾಯದ ಪ್ರಶ್ನೆ ಇದು. ಸೋಲಾರ್ ಪ್ಯಾನೆಲ್ ಆದ್ರೆ ಬ್ಯಾಟರಿ ತುಂಬಿದ ತಕ್ಷಣ ವೈರ್ ಕಡಿತ ಮಾಡಿದ್ರೆ ಮುಗೀತು, ಪ್ಯಾನೆಲ್ ಬಿಸಿಲಿಗೆ ಸುಮ್ಮನೆ ಬಿದ್ದಿರುತ್ತೆ. ವಿಂಡ್ ಜನರೇಟರ್‌ಗೆ ಹಾಗೆ ಮಾಡೋ ಹಾಗಿಲ್ಲ. ಕರೆಂಟ್ ಹರಿಯುತ್ತಿರುವಾಗ ಆಲ್ಟರ್ನೇಟರ್ ರೆಕ್ಕೆಗಳನ್ನು ಹಿಡಿದೆಳೆಯುತ್ತಾ ಇರುತ್ತೆ. ಲೋಡ್ ತೆಗೆದರೆ ಆ ಹಿಡಿತ ಹೋಗಿ ರೆಕ್ಕೆಗಳು ಲಂಗುಲಗಾಮಿಲ್ಲದೆ ಓಡುತ್ತವೆ, ವೋಲ್ಟೇಜ್ ಏರುತ್ತೆ.

ಅದಕ್ಕೆ ಹೆಚ್ಚುವರಿ ಕರೆಂಟ್ ಸುಡೋಕೆ ಒಂದು ದೊಡ್ಡ ರೆಸಿಸ್ಟರ್ ಇಡ್ತಾರೆ. ಕೆಲವರು ಅದನ್ನೇ ಸ್ನಾನದ ನೀರು ಕಾಯಿಸೋಕೆ ಬಳಸ್ತಾರೆ. 400 ವ್ಯಾಟ್ ಶಾಖ ಅಂದ್ರೆ ತಮಾಷೆ ಅಲ್ಲ. ಪ್ಲೈವುಡ್, ಬಟ್ಟೆಯ ಹತ್ತಿರ ಇಟ್ಟರೆ ಬೆಂಕಿ. ಸಮುದ್ರದ ಮಧ್ಯೆ ಓಡಿಹೋಗೋಕೆ ಜಾಗ ಇಲ್ಲ.

ಲಿಥಿಯಂ ಬ್ಯಾಟರಿ ಇದ್ರೆ ಇನ್ನೂ ಹುಷಾರು. ಅದರೊಳಗಿನ ಬಿಎಂಎಸ್ ಯಾವುದೋ ಸೆಲ್‌ನ ವೋಲ್ಟೇಜ್ ಮಿತಿ ಮೀರಿತು ಅಂತ ಕಂಡ ಕೂಡಲೇ ಹೇಳದೆ ಕೇಳದೆ ಬ್ಯಾಟರಿಯನ್ನೇ ಬೇರ್ಪಡಿಸುತ್ತೆ. ಬ್ಯಾಟರಿ ಪಾಲಿಗೆ ಅದು ಸರಿ. ಆದರೆ ಆ ಕ್ಷಣ ಜನರೇಟರ್ ಅನಾಥ. ಏರಿದ ವೋಲ್ಟೇಜ್ ಜೊತೆಯಲ್ಲಿರುವ ರೇಡಿಯೋ, ಉಪಕರಣಗಳನ್ನೆಲ್ಲ ಸುಡಬಹುದು. ಆದ್ದರಿಂದ ಸುಡುವ ರೆಸಿಸ್ಟರ್ ಜನರೇಟರ್ ಕಡೆಗೇ ಇರಬೇಕು, ಬಿಎಂಎಸ್ ಕೈಬಿಟ್ಟರೂ ಲೋಡ್ ಉಳಿಯುವ ಹಾಗೆ.

ನಿಲ್ಲಿಸೋದು ಹೇಗೆ? ಆಲ್ಟರ್ನೇಟರ್‌ನ ಮೂರು ಫೇಸ್ ವೈರ್‌ಗಳನ್ನು ಒಟ್ಟಿಗೆ ಶಾರ್ಟ್ ಮಾಡೋ ಸ್ವಿಚ್ ಇರುತ್ತೆ. ಲೆನ್ಜ್ ನಿಯಮ ಇಲ್ಲಿ ಬ್ರೇಕ್ ಆಗುತ್ತೆ: ಹುಟ್ಟಿದ ಕರೆಂಟೇ ತನ್ನನ್ನು ಹುಟ್ಟಿಸಿದ ಚಲನೆಯನ್ನು ತಡೆಯುತ್ತೆ. ಆದರೆ ಬಿರುಗಾಳಿ ಏರುವ ಮುನ್ನವೇ ಇದನ್ನು ಮಾಡಿ, ರೆಕ್ಕೆಗಳನ್ನು ಹಗ್ಗದಿಂದ ಕಟ್ಟಬೇಕು. ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತ ಕಾಲದಲ್ಲಿ ದೋಣಿ ಬಿಟ್ಟು ಊರಿಗೆ ಹೋಗುವವರು ರೆಕ್ಕೆಗಳನ್ನು ಬಿಚ್ಚಿಟ್ಟೇ ಹೋಗೋದು ಒಳ್ಳೇದು.

ಹಾಗಾದ್ರೆ ಹಾಕಬೇಕಾ, ಬೇಡ್ವಾ?

ನಮ್ಮ ಲೆಕ್ಕ ಹೇಳೋದು ಹೀಗೆ. 400 ವ್ಯಾಟ್ ಸೋಲಾರ್ ಪ್ಯಾನೆಲ್, ದಿನಕ್ಕೆ 5 ಗಂಟೆ ಪೂರ್ಣ ಬಿಸಿಲಿಗೆ ಸಮ, ನಷ್ಟ ಕಳೆದು ಶೇಕಡಾ 70 ಅಂದ್ರೆ 1400 ವ್ಯಾಟ್-ಅವರ್. ಸದ್ದಿಲ್ಲ, ಸವೆಯೋ ಭಾಗ ಇಲ್ಲ, ತಲೆಗೆ ಬಡಿಯೋದೂ ಇಲ್ಲ. ಹಾಗಾಗಿ ಮೊದಲ ದುಡ್ಡು ಸೋಲಾರ್‌ಗೇ. ಬೇಸಿಗೆಯಲ್ಲಿ ಗಾಳಿ ಮಂದವಾಗುವ ಮೆಡಿಟರೇನಿಯನ್ ಕೊಲ್ಲಿಗಳಲ್ಲಿ ಅಷ್ಟೇ ಸಾಕಾಗಬಹುದು. ಆದರೆ ಮೂರು ದಿನ ಮೋಡ ಕವಿದಾಗ, ಹನ್ನೆರಡು ಗಂಟೆ ಕತ್ತಲಿದ್ದಾಗ, ವಾಣಿಜ್ಯ ಮಾರುತ ಬೀಸುವ ಜಾಗದಲ್ಲಿ, ಅರ್ಧರಾತ್ರಿಯಲ್ಲೂ ದುಡಿಯೋದು ಗಾಳಿಯಂತ್ರ ಒಂದೇ. ಅದು ಸೋಲಾರ್‌ಗೆ ಬದಲಿ ಅಲ್ಲ, ರಾತ್ರಿ ಪಾಳಿ.

ಇದನ್ನೆಲ್ಲ ಇಲ್ಲಿ ಬರೆಯೋಕೆ ಒಂದು ಕಾರಣ ಇದೆ. 'ಬ್ಲಾಕ್ ಟೆರೇಸ್ ಮೇಲೆ ಸಣ್ಣ ವಿಂಡ್ ಟರ್ಬೈನ್' ಅನ್ನೋ ಮಿನಿ ಪ್ರಾಜೆಕ್ಟ್ ಐಡಿಯಾ ನಮ್ಮಲ್ಲಿ ಯಾರಿಗಾದ್ರೂ ಬಂದೇ ಬರುತ್ತೆ. ಸಿನಾಪ್ಸಿಸ್ ಬರೆಯುವ ಮೊದಲು ಟೆರೇಸ್ ಮೇಲೆ ಒಂದು ಅನಿಮೋಮೀಟರ್ ಇಟ್ಟು ತಿಂಗಳು ಕಾಲ ಗಂಟೆಗೊಮ್ಮೆ ವೇಗ ಬರೆದಿಡಿ. ಸರಾಸರಿ ತೆಗೆದು ಘನ ಮಾಡಬೇಡಿ. ಪ್ರತಿ ಓದಿನ ಘನ ಮಾಡಿ, ಆಮೇಲೆ ಸರಾಸರಿ ತೆಗೆಯಿರಿ. ಅರ್ಧ ದಿನ 5, ಅರ್ಧ ದಿನ 10 ಇದ್ರೆ ಸರಾಸರಿ ವೇಗ 7.5, ಆದರೆ ಸಿಗುವ ಪವರ್ 86 ಅಲ್ಲ, 113ರ ಹತ್ತಿರ. ಆ ಸಂಖ್ಯೆ ಕೈಯಲ್ಲಿ ಹಿಡ್ಕೊಂಡು ಡಬ್ಬದ ಮೇಲಿನ ವ್ಯಾಟ್ ಓದಿ. ಯಾವ ಗಾಳಿಗೆ ಅಂತ ಬರೆದಿಲ್ಲದ ವ್ಯಾಟ್‌ಗೆ ಅರ್ಥ ಇಲ್ಲ.