ಡಾಕ್ಟರ ಮುಂದೆ ಸುಮ್ಮನಾಗುವ ಎದೆಬಡಿತ

ಖುರುಮ್‌ನ ನಮ್ಮ ಮನೆಯಲ್ಲಿ ನಾವಿಬ್ಬರೇ. ಇಬ್ಬರಲ್ಲಿ ಒಬ್ಬರಿಗೆ ಎಸ್‌ವಿಟಿ ಎಂಬ ಎದೆಬಡಿತದ ತೊಂದರೆಯಿದೆ. ಯಾರಿಗೆ ಎಂಬುದು ಬೇಡ. ಒಬ್ಬರ ಎದೆ ಹೊಡೆದುಕೊಂಡರೆ ಇನ್ನೊಬ್ಬರ ನಿದ್ದೆಯೂ ಹೋಗುತ್ತದೆ. ಸುಮ್ಮನೆ ಕೂತಿದ್ದಾಗಲೋ, ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗಲೋ, 70ರಲ್ಲಿದ್ದ ಬಡಿತ ಸ್ವಿಚ್ ಒತ್ತಿದಂತೆ 180ಕ್ಕೆ ಏರುತ್ತದೆ. ಕತ್ತಿನಲ್ಲಿ ಪಟಪಟ. ಹತ್ತಿಪ್ಪತ್ತು ನಿಮಿಷವಾದ ಮೇಲೆ ಥಟ್ಟನೆ ನಿಲ್ಲುತ್ತದೆ. ಆಮೇಲೆ ಎರಡು ಮೂರು ಸಲ ಮೂತ್ರಕ್ಕೆ ಓಡಬೇಕು. ಇದನ್ನು ಹೇಳಿಕೊಳ್ಳಲು ನಾಚುವವರೇ ಹೆಚ್ಚು. ಹೇಳಿ, ವೈದ್ಯರಿಗೆ ಅದೂ ಒಂದು ಸುಳಿವು.

ಸಾಮಾನ್ಯ ಇಸಿಜಿ ಹಿಡಿಯುವುದು ಸುಮಾರು 10 ಸೆಕೆಂಡಿನ ಬಡಿತವನ್ನು ಮಾತ್ರ. ಟ್ರಾಫಿಕ್ ದಾಟಿ ಕ್ಲಿನಿಕ್ ಮುಟ್ಟುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತಿತ್ತು. ಇಸಿಜಿ ನಾರ್ಮಲ್, ಎಕೋ ನಾರ್ಮಲ್, ರಕ್ತ ನಾರ್ಮಲ್. ಒಬ್ಬರು ಗ್ಯಾಸ್ ಎಂದರು, ಇನ್ನೊಬ್ಬರು ಟೆನ್ಷನ್ ಎಂದರು. ಊರಿಂದ ಅಮ್ಮ ಓಮದ ಕಷಾಯ ಮಾಡಿಕೊಳ್ಳಿ ಎಂದರು. ಹೋಲ್ಟರ್ ಯಂತ್ರವನ್ನು 24 ಗಂಟೆ ಎದೆಗೆ ಕಟ್ಟಿದ್ದೂ ಆಯಿತು. ಅಂದು ಹೃದಯ ಒಳ್ಳೆಯ ಮಗುವಿನಂತೆ ಇತ್ತು. ತಿಂಗಳಿಗೊಮ್ಮೆ ಬರುವ ಕಳ್ಳನನ್ನು ಒಂದು ದಿನದ ಕಾವಲು ಹಿಡಿಯುವುದಾದರೂ ಹೇಗೆ?

ಕೊನೆಗೆ ಹಿಡಿದದ್ದು ಕೈಗಡಿಯಾರ. ಕೆಲವು ಸ್ಮಾರ್ಟ್ ವಾಚ್‌ಗಳ ಮೇಲೆ 30 ಸೆಕೆಂಡು ಬೆರಳಿಟ್ಟರೆ ಇಸಿಜಿ ಬರುತ್ತದೆ; ಆ್ಯಪಲ್ ವಾಚ್‌ನಲ್ಲಿ ಇದು 2018ರಿಂದ ಇದೆ. ಅದು ತಾನಾಗಿ ಎಸ್‌ವಿಟಿ ಎಂದು ಹೆಸರಿಡಲಿಲ್ಲ. ಆದರೆ ಆ ಗೆರೆಗಳನ್ನು ನೋಡಿದ ಹೃದ್ರೋಗ ತಜ್ಞರಿಗೆ ಎರಡನೇ ಮಾತು ಬೇಕಾಗಲಿಲ್ಲ. ವಾಚ್ ಇಲ್ಲದಿದ್ದರೂ ಚಿಂತೆಯಿಲ್ಲ. ಬಡಿತ ಓಡುತ್ತಿರುವಾಗಲೇ ಹತ್ತಿರದ ಕ್ಲಿನಿಕ್‌ಗೆ ಹೋಗಿ, "ಮೊದಲು ಇಸಿಜಿ ತೆಗೆಯಿರಿ, ಫೈಲು ಆಮೇಲೆ ಮಾಡಿ" ಎನ್ನಿ. ಆ ಕಾಗದವನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಆದರೆ ನೀವೇ ಗಾಡಿ ಓಡಿಸಿಕೊಂಡು ಹೋಗಬೇಡಿ. ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ 9999ಕ್ಕೆ ಕರೆ ಮಾಡಿ.

ನಮ್ಮ ಬಗೆಯ ಎಸ್‌ವಿಟಿಯಲ್ಲಿ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಕರೆಂಟು ಇಳಿಯುವ ಜಾಗದಲ್ಲಿ ಒಂದರ ಬದಲು ಎರಡು ದಾರಿಗಳಿರುತ್ತವೆ. ಒಂದರಲ್ಲಿ ಇಳಿದದ್ದು ಇನ್ನೊಂದರಲ್ಲಿ ಹತ್ತಿ, ರೌಂಡ್‌ಅಬೌಟ್‌ನಲ್ಲಿ ಎಕ್ಸಿಟ್ ಸಿಗದ ಕಾರಿನಂತೆ ಸುತ್ತುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಲು ವೈದ್ಯರು ಒಂದು ಉಪಾಯ ಕಲಿಸಿದ್ದಾರೆ: ಒರಗಿ ಕೂತು ಖಾಲಿ ಸಿರಿಂಜಿನೊಳಕ್ಕೆ 15 ಸೆಕೆಂಡು ಬಲವಾಗಿ ಊದಬೇಕು, ತಕ್ಷಣ ಅಂಗಾತ ಮಲಗಿಸಿ ಇನ್ನೊಬ್ಬರು ಕಾಲುಗಳನ್ನು ಎತ್ತಿ ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನದಲ್ಲಿ ಬರೀ ಊದಿದವರಲ್ಲಿ ಶೇ. 17 ಜನರಿಗೆ ಬಡಿತ ಸರಿಯಾದರೆ, ಕಾಲೆತ್ತಿದವರಲ್ಲಿ ಶೇ. 43 ಜನರಿಗೆ ಸರಿಯಾಯಿತು. ಬ್ಯಾಚುಲರ್ ರೂಮಿನಲ್ಲಿರುವವರು ರೂಮ್‌ಮೇಟ್‌ಗೂ ಇದನ್ನು ಹೇಳಿಕೊಟ್ಟಿರಬೇಕು.

ಇನ್ನು ದಿನಾ ಮಾತ್ರೆಯೋ, ಅಬ್ಲೇಷನ್ನೋ? ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನು ಹದದಲ್ಲಿಡುತ್ತದೆ, ಆದರೆ ಸುಸ್ತು ತರುತ್ತದೆ. ಇಲ್ಲಿನ ಜೂನ್ ಬಿಸಿಲಿನಲ್ಲಿ ಸೈಟಿನಲ್ಲಿ ನಿಲ್ಲುವವರಿಗೆ ಅದು ಸಣ್ಣ ಮಾತಲ್ಲ. ಆಸ್ತಮಾ ಇದ್ದವರಿಗೆ ಆಗಿಬರದಿರಬಹುದು. ಅಬ್ಲೇಷನ್‌ನಲ್ಲಿ ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ತಂತಿ ಕಳಿಸಿ, ಆ ಹೆಚ್ಚುವರಿ ದಾರಿಯನ್ನು ಸುಟ್ಟು ಮುಚ್ಚುತ್ತಾರೆ. ನಮ್ಮ ಬಗೆಗೆ ನೂರರಲ್ಲಿ ಸುಮಾರು 95 ಜನರಿಗೆ ಗುಣ. ನೂರಕ್ಕೆ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನರಿಗೆ, ಸರಿಯಾದ ದಾರಿಯೂ ಕೆಟ್ಟು ಪೇಸ್‌ಮೇಕರ್ ಬೇಕಾಗುತ್ತದೆ. ಆ ಒಬ್ಬರ ಲೆಕ್ಕವನ್ನೇ ನಾವು ಎಷ್ಟೋ ರಾತ್ರಿ ಮಾತಾಡಿದೆವು.

ತೀರ್ಮಾನ ಮಾಡಿಸಿದ್ದು ಧೈರ್ಯವಲ್ಲ, ಡ್ರೈವಿಂಗ್. ಕೆಲಸಕ್ಕೆ ದಿನವೂ ಹೈವೇ ಹಿಡಿಯಬೇಕು. ಸ್ಟಿಯರಿಂಗ್ ಹಿಡಿದಾಗ ಬಂದರೆ ಕಾಲೆತ್ತುವವರು ಯಾರು? ವಿಮಾ ಪತ್ರವನ್ನು ಸಾಲುಸಾಲಾಗಿ ಓದಿದೆವು, ಹಳೆಯ ಕಾಯಿಲೆಗೆ ಎಷ್ಟು ಕೊಡುತ್ತಾರೆಂದು ಬರಹದಲ್ಲೇ ಕೇಳಿದೆವು. ಬೆಂಗಳೂರಿನ ಜಯದೇವದಂಥ ಸರ್ಕಾರಿ ಸಂಸ್ಥೆ ನಮಗಿದೆ. ಅದರ ಆಸ್ಪತ್ರೆ ಮೈಸೂರು, ಕಲಬುರಗಿಯಲ್ಲೂ ಇದೆ. ಮನೆಯವರೆಲ್ಲ ಹತ್ತಿರವಿರುತ್ತಾರೆ ಎಂಬ ಕಾರಣಕ್ಕೆ ಊರಿನಲ್ಲೇ ಮಾಡಿಸುವುದೆಂದು ಇಬ್ಬರೂ ಒಪ್ಪಿದ್ದೇವೆ. ವಾರ್ಷಿಕ ರಜೆಗೆ ಅರ್ಜಿ ಹಾಕಿಯಾಗಿದೆ. ಅಲ್ಲಿಯವರೆಗೆ ರಾತ್ರಿ ಒಂದು ಮಾತ್ರೆ, ಮಂಚದ ಪಕ್ಕ ಒಂದು ಸಿರಿಂಜ್, ಡ್ರೈವಿಂಗ್ ಇನ್ನೊಬ್ಬರದು.