ಕಂಬಿಯಿಲ್ಲದ ಚಕ್ರ ಬೇಕು

1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರ್ ಚಿಲಿಯಿಂದ 11 ಚಿಂಚಿಲಾಗಳನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದ. ಆಂಡಿಸ್ ಪರ್ವತದ ಚಳಿಗೆ ಒಗ್ಗಿದ ದಂಶಕ ಜೀವಗಳವು. ಒಮ್ಮೆಲೇ ಕಡಲಮಟ್ಟಕ್ಕೆ ತಂದರೆ ಉಳಿಯಲಾರವೆಂದು ತಿಂಗಳುಗಟ್ಟಲೆ ಹಂತಹಂತವಾಗಿ ಕೆಳಗಿಳಿಸಿದ. ದಾರಿಯುದ್ದಕ್ಕೂ ಪಂಜರಗಳನ್ನು ಮಂಜುಗಡ್ಡೆಯಿಂದ ತಂಪಾಗಿಟ್ಟ. ಅವನ ಕಣ್ಣಿದ್ದದ್ದು ತುಪ್ಪಳದ ವ್ಯಾಪಾರದ ಮೇಲೆ. ಆದರೂ ಇಂದು ಮನೆಗಳಲ್ಲಿರುವ ಬಹುಪಾಲು ಚಿಂಚಿಲಾಗಳು ಆ ಹಿಂಡಿನ ಸಂತತಿಯೇ.

ಅವುಗಳ ಮೈಕಟ್ಟನ್ನು ಚಾಪ್‌ಮನ್ ಅರಿತಷ್ಟು ಇಂದಿನ ಪೆಟ್ ಶಾಪ್‌ಗಳು ಅರಿತಂತಿಲ್ಲ. ಹ್ಯಾಮ್‌ಸ್ಟರ್ ಓಡಲೆಂದು ಮಾಡಿದ ಬಣ್ಣಬಣ್ಣದ ಪ್ಲಾಸ್ಟಿಕ್ ಚಕ್ರವನ್ನೇ ಚಿಂಚಿಲಾಕ್ಕೂ ತೋರಿಸುತ್ತಾರೆ. ಅರ್ಧ ಕಿಲೋಕ್ಕೂ ಮೇಲೆ ತೂಗಬಲ್ಲ ಪ್ರಾಣಿ ಆ ಪುಟ್ಟ ಚಕ್ರದಲ್ಲಿ ಓಡಿದರೆ ಬೆನ್ನು ಹಿಂದಕ್ಕೆ ಬಾಗುತ್ತದೆ. ಚಕ್ರದ ಅಡ್ಡಳತೆ 38ರಿಂದ 40 ಸೆಂಟಿಮೀಟರ್ ಇರಬೇಕು, ಓಡುವಾಗ ಬೆನ್ನು ನೆಟ್ಟಗಿರಬೇಕು.

ಅಳತೆಗಿಂತ ಮುಖ್ಯವಾದದ್ದು ಓಡುವ ಮೇಲ್ಮೈ. ಚಿಂಚಿಲಾದ ಹಿಂಗಾಲನ್ನು ನೋಡಿ: ಮಂಡಿಯ ಕೆಳಗಿನ ಮೂಳೆ ತೊಡೆಮೂಳೆಗಿಂತ ಉದ್ದ, ಸಣಕಲು, ಪಕ್ಕದಲ್ಲಿ ಆಸರೆಯಾಗಬೇಕಾದ ಇನ್ನೊಂದು ಮೂಳೆ ಹೆಸರಿಗಷ್ಟೇ ಇದೆ. ಬಂಡೆಯಿಂದ ಬಂಡೆಗೆ ನೆಗೆಯಲು ಒದಗುವ ಕಾಲು ತಂತಿಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಮುರಿಯಲು ಕ್ಷಣ ಸಾಕು. ಇಷ್ಟು ತೆಳ್ಳಗಿನ ಮೂಳೆಯನ್ನು ಕೂಡಿಸುವುದು ಪಶುವೈದ್ಯರಿಗೂ ಕಷ್ಟದ ಕೆಲಸ. ಹಾಗಾಗಿ ತಂತಿಜಾಲರಿಯ ಚಕ್ರ ಬೇಡ. ನಡುವೆ ಅಡ್ಡಕಂಬಿ ಹಾಯುವ ಚಕ್ರವಂತೂ ಬೇಡವೇ ಬೇಡ. ಅದು ತಿರುಗುವಾಗ ಕಾಲೂ ಬಾಲವೂ ಕತ್ತರಿಯ ಬಾಯಿಗೆ ಕೊಟ್ಟಂತೆ. ಒಂದೇ ಬದಿಗೆ ಬೇರಿಂಗ್ ಇರುವ, ಸಂದಿಯಿಲ್ಲದ ಲೋಹದ ಚಕ್ರ ಒಳ್ಳೆಯದು. ಓರೆಯಾಗಿ ನಿಲ್ಲುವ ದೊಡ್ಡ ತಟ್ಟೆಯಂಥ ಚಕ್ರವೂ ಆದೀತು. ಬೆಲೆ ಹೆಚ್ಚು, ನಿಜ. ಆದರೆ ಹದಿನೈದು ವರ್ಷ ಬಾಳಬಲ್ಲ ಪ್ರಾಣಿಗೆ ಅಗ್ಗದ ಚಕ್ರ ಕೊಳ್ಳುವುದು ಎಂಥ ಉಳಿತಾಯ?

ಪ್ರಾಣಿಯನ್ನು ಒಳಗಿಟ್ಟು ಮುಚ್ಚಳ ಹಾಕಿ ನೆಲದ ಮೇಲೆ ಉರುಳಲು ಬಿಡುವ ಪ್ಲಾಸ್ಟಿಕ್ ಚೆಂಡಿನ ಬಗ್ಗೆ ನನಗೆ ಎರಡು ಮಾತಿಲ್ಲ: ಮಾರಬಾರದ ವಸ್ತುವದು. ಚಿಂಚಿಲಾದ ಒಂದೊಂದು ರೋಮರಂಧ್ರದಿಂದ 50ಕ್ಕೂ ಹೆಚ್ಚು ಕೂದಲು ಹೊರಡುತ್ತದೆ, ಅದು ಬೆವರುವುದೂ ಇಲ್ಲ. ಗಾಳಿಯಾಡದ ಚೆಂಡಿನೊಳಗೆ ಓಡಿ ಓಡಿ ಮೈಬಿಸಿ ಏರಿದರೆ ಇಳಿಯಲು ದಾರಿಯೇ ಇರುವುದಿಲ್ಲ.

ಇನ್ನು ಹಲ್ಲು. ಬದುಕಿರುವವರೆಗೂ ಬೆಳೆಯುವ ಹಲ್ಲುಗಳಾದ್ದರಿಂದ ಕಂಡದ್ದನ್ನೆಲ್ಲ ಕಡಿಯುತ್ತದೆ. ಕಡಿದ ಪ್ಲಾಸ್ಟಿಕ್ ಚೂರು ಕರುಳಿಗೆ ಅಡ್ಡ ಕೂತರೆ ಪ್ರಾಣಕ್ಕೇ ಸಂಚಕಾರ. ಅಡಗುವ ಗೂಡು, ಅಟ್ಟಣಿಗೆ, ಏಣಿಗಳೆಲ್ಲ ಬಣ್ಣ ಬಳಿಯದ ಮರದವಾಗಿರಲಿ. ಒಲೆಯಲ್ಲಿ ಒಣಗಿಸಿದ ಪೈನ್ ಹಲಗೆ, ಔಷಧಿ ಸಿಂಪಡಿಸದ ಸೇಬಿನ ಕೊಂಬೆ ನಡೆಯುತ್ತದೆ. ದೇವದಾರು ಜಾತಿಯ ಘಾಟು ಮರ, ಚೆರ್ರಿ, ಪ್ಲಮ್ ಕೊಂಬೆಗಳು ಬೇಡ. ಜೋಲಿಗೆ ಹತ್ತಿಬಟ್ಟೆಗಿಂತ ಫ್ಲೀಸ್ ವಾಸಿ, ಎಳೆ ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುವುದಿಲ್ಲ. ಅದನ್ನೂ ತಿನ್ನಲು ಶುರುಮಾಡಿದರೆ ತೆಗೆದುಬಿಡಿ. ತಂತಿಯ ತಳವಿದ್ದರೆ ಹಲಗೆ ಹಾಸಿ, ಇಲ್ಲದಿದ್ದರೆ ಅಂಗಾಲು ಹುಣ್ಣಾಗುತ್ತದೆ.

ನಮ್ಮಲ್ಲಿ ಸುಲಭವಾಗಿ ಸಿಗುವ ಒಂದು ಒಳ್ಳೆಯ ಸಲಕರಣೆಯೂ ಇದೆ. ಗ್ರಾನೈಟ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ತಂದು, ಅಂಚು ಉಜ್ಜಿಸಿ ಪಂಜರದ ತಳದಲ್ಲಿಟ್ಟರೆ ಚಿಂಚಿಲಾ ಅದರ ಮೇಲೆ ತಂಪಾಗಿ ಮಲಗುತ್ತದೆ. ಎತ್ತರದಲ್ಲಿ ಇಡಬೇಡಿ, ಜಾರಿ ಬೀಳಬಹುದು. ಕಲ್ಲಿದೆಯೆಂದು ಎ.ಸಿ. ಬೇಡವೆಂದುಕೊಳ್ಳುವುದೂ ತಪ್ಪು. 25 ಡಿಗ್ರಿ ದಾಟಿದರೆ ಅಪಾಯ ಶುರು. ಕಲಬುರಗಿಯ ಬೇಸಿಗೆ, ಮಂಗಳೂರಿನ ಸೆಕೆ ಇರಲಿ, ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೂ ಇದಕ್ಕೆ ಹೆಚ್ಚಾಯಿತು. ಬೆವರದ ಮೈಗೆ ಫ್ಯಾನಿನ ಗಾಳಿ ಅಷ್ಟಾಗಿ ಉಪಯೋಗಕ್ಕೆ ಬಾರದು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಚಕ್ರವನ್ನು ಆಮೇಲೆ ಕೊಂಡರೂ ಆಯಿತು. ಮೊದಲು ಎತ್ತರದ ಪಂಜರ, ಒಂದರಿಂದೊಂದಕ್ಕೆ ನೆಗೆಯಲು ಮೆಟ್ಟಿಲಿನಂತೆ ಜೋಡಿಸಿದ ಹಲಗೆಗಳು, ಬಾಗಿಲು ಮುಚ್ಚಿ ವೈರುಗಳನ್ನು ಮೇಲೆತ್ತಿದ ಕೋಣೆಯಲ್ಲಿ ಸಂಜೆ ಒಂದಿಷ್ಟು ಹೊತ್ತಿನ ಓಡಾಟ ಇರಲಿ. ಚಕ್ರ ತಂದ ಮೇಲೆ ಪಂಜರವನ್ನು ಮಲಗುವ ಕೋಣೆಯಿಂದ ಆಚೆಗಿಡಿ. ಇವು ಓಟ ಶುರುಮಾಡುವುದೇ ನಾವು ದೀಪ ಆರಿಸಿದ ಮೇಲೆ.