ಮಾಯಾಯಂತ್ರಕ್ಕೊಂದು ತೇಪೆ

"ಇದರಾಗ ಕನ್ನಡ ನಡಿಯೂದಿಲ್ಲಂತ್ರೀ. ಇನ್ನ ಇಂಗ್ಲಿಷಿನ್ಯಾಗ ಬರದುಬಿಡೂಣ."

ನಮ್ಮ ಸಂಘದ ಗ್ರಂಥಭಂಡಾರವನ್ನು ನೋಡಿಕೊಳ್ಳುವ ಮಾಸ್ತರರು ಹೋದ ಮಳೆಗಾಲದ ಒಂದು ರವಿವಾರ ಈ ಮಾತನ್ನಾಡಿದರು. ಅವರು ಮುಂಬಯಿಯ ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಎರಡು ಉಕ್ಕಿನ ಕಪಾಟುಗಳಲ್ಲಿರುವ ಪುಸ್ತಕಗಳಿಗೆಲ್ಲ ಅವರೇ ಕೈಯಿಂದ ಬರೆದ ಕಾರ್ಡುಗಳಿವೆ. ಘಾಟ್ಕೋಪರಿನ ಮಳೆಯಲ್ಲಿ ನೆನೆದು ಆ ಕಾರ್ಡುಗಳ ಮಸಿ ಹರಡತೊಡಗಿತ್ತು. ಅದಕ್ಕಾಗಿ ನನ್ನ ಅಕ್ಕನ ಮಗ ಪುಸ್ತಕಪಟ್ಟಿಗೆಂದು ಒಂದು ಸಣ್ಣ ಪ್ರೋಗ್ರಾಮು ಬರೆದುಕೊಟ್ಟಿದ್ದ. ಠಾಣೆಯ ತನ್ನ ಮನೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ನಡೆಸಿ ತೋರಿಸಿಯೂ ಇದ್ದ. ಹಿತೈಷಿಗಳೊಬ್ಬರು ಅಂಗೈಯಗಲದ ಅಗ್ಗದ ಗಣಕಯಂತ್ರವೊಂದನ್ನು ಸಂಘಕ್ಕೆ ದಾನ ಕೊಟ್ಟರು. ಹಳೆಯ ಟಿ.ವಿ.ಗೆ ಅದನ್ನು ಜೋಡಿಸಿ ಮಾಸ್ತರರು ಮೊದಲ ಪುಸ್ತಕದ ಹೆಸರನ್ನು ಟೈಪು ಮಾಡಿದರು. ಯಂತ್ರ 'ಅರಿಯದ ಅಕ್ಷರ' ಎಂದಿತು. ಎರಡನೆಯದಕ್ಕೂ ಅದೇ ಉತ್ತರ. ಇಂಗ್ಲಿಷ್ ನಿಘಂಟೊಂದರ ಹೆಸರು ಹಾಕಿದರೆ ಮಾತ್ರ ಸುಮ್ಮನೆ ಒಪ್ಪಿಕೊಂಡಿತು.

ಕಮಿಟಿಯಲ್ಲಿ ಒಬ್ಬರು, "ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರೇನಂತೆ? ಮಕ್ಕಳು ಫೋನಿನಲ್ಲಿ ಹಾಗೆಯೇ ತಾನೆ ಬರೆಯುತ್ತಾರೆ?" ಎಂದರು. ಮಾಸ್ತರರು ಎದುರಾಡಲಿಲ್ಲ. ಕರಿಹಲಗೆಯ ಮೇಲೆ ಬೆಲೆ, ಬೆಳೆ, ಬೇಳೆ ಎಂದು ಮೂರು ಶಬ್ದ ಬರೆದು, ಮೂರರ ಮುಂದೆಯೂ ಒಂದೇ ನಾಲ್ಕಕ್ಷರದ ಇಂಗ್ಲಿಷ್ ಶಬ್ದ ಬರೆದು ಕುಳಿತರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ನಲವತ್ತು ವರ್ಷ ಒತ್ತಕ್ಷರ, ದೀರ್ಘ ತಿದ್ದಿದ ಕೈಯಿಂದ ಆ ಪಟ್ಟಿಯನ್ನು ಹಾಗೆ ಬರೆಸುವುದೆಂದರೇನು? "ಒಂದು ತಿಂಗಳು ತಡೆಯಿರಿ" ಎಂದುಬಿಟ್ಟೆ.

ನಾನು ಇತಿಹಾಸದಲ್ಲಿ ಬಿ.ಎ. ಮಾಡಿದ ಸರಕಾರಿ ಕಾರಕೂನ. ಇಂಜಿನಿಯರನಲ್ಲ. ಘಾಟ್ಕೋಪರಿಗೆ ಸಮೀಪದ ಪವಾಯಿಯಲ್ಲಿ ಐ.ಐ.ಟಿ.ಯವರು ನಡೆಸುವ 'ಸ್ಪೋಕನ್ ಟ್ಯುಟೋರಿಯಲ್' ಎಂಬ ಯೋಜನೆಯಲ್ಲಿ ಗಣಕದ ಪಾಠಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಅಂಥ ಪಾಠಗಳಿಂದ ರಾತ್ರಿ ಊಟವಾದ ಮೇಲೆ ಅಷ್ಟಿಷ್ಟು ಕಲಿತಿದ್ದೆ. ಅಷ್ಟೇ ಬಂಡವಾಳ.

ಅಕ್ಕನ ಮಗನನ್ನು ಕೇಳಿದರೆ, "ಮಾಮಾ, ನಮ್ಮ ಮನ್ಯಾಗ ಛಲೋ ನಡೀತದ. ತಪ್ಪು ನನ್ನ ಪ್ರೋಗ್ರಾಮಿಂದಲ್ಲ, ಕೆಳಗಿನ ವರ್ಚುವಲ್ ಮಷೀನಿಂದು" ಎಂದ.

ಈ ವರ್ಚುವಲ್ ಮಷೀನಿಗೆ ಮಾಯಾಯಂತ್ರವೆಂದು ನಾನೇ ಹೆಸರಿಟ್ಟುಕೊಂಡಿದ್ದೇನೆ. ಅದೇನೆಂದು ಮೊದಲು ತಿಳಿದುಕೊಂಡರೆ ಮುಂದಿನ ಕಥೆ ಸುಲಭ. ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ 'ಟಿಫ್ರಾಕ್' ಎಂಬ ಗಣಕ ಕೆಲಸ ಆರಂಭಿಸಿತು. ನಮ್ಮವರೇ ಕಟ್ಟಿದ್ದು. ಅದರ ಒಂದೊಂದು ಪದದಲ್ಲಿ 40 ಬಿಟ್‌ಗಳಿದ್ದವು. 1964ರಲ್ಲಿ ಅಲ್ಲಿಗೇ ಅಮೆರಿಕದ ಸಿ.ಡಿ.ಸಿ. 3600 ಬಂದಿತು. ಅದರ ಪದಕ್ಕೆ 48 ಬಿಟ್. ಒಂದರ ಯಂತ್ರಭಾಷೆ ಇನ್ನೊಂದಕ್ಕೆ ಅರ್ಥವಾಗುವಂತಿರಲಿಲ್ಲ. ಒಂದೇ ಆವರಣದೊಳಗೆ, ನಾಲ್ಕೇ ವರ್ಷಗಳ ಅಂತರದಲ್ಲಿ, ಹಳೆಯ ಯಂತ್ರಕ್ಕೆ ಕೊಟ್ಟ ಆಜ್ಞೆಗಳು ಹೊಸ ಯಂತ್ರದ ಮುಂದೆ ಮೂಕವಾದವು.

ಈ ತೊಂದರೆಗೆ ಮುಂದಿನವರು ಕಂಡ ಉಪಾಯ ನಮ್ಮ ನಾಟಕ ಕಂಪನಿಗಳದ್ದೇ. ಗುಬ್ಬಿ ವೀರಣ್ಣನವರ ಕಂಪನಿಯಂಥವು ಊರಿಂದೂರಿಗೆ ಹೋಗುವಾಗ ಪರದೆ, ಸೀನು, ದೀಪ ಎಲ್ಲವನ್ನೂ ಹೊತ್ತೊಯ್ಯುತ್ತಿದ್ದವು. ನಟರಿಗೆ ಯಾವ ಊರಾದರೂ ಒಂದೇ ರಂಗಸ್ಥಳ. ಊರಿನ ನೆಲ ನೋಡಿ ಗೂಟ ಹೊಡೆಯುವವನಿಗೆ ಮಾತ್ರ ಹುಬ್ಬಳ್ಳಿಯ ಎರೆಭೂಮಿಗೂ ಕರಾವಳಿಯ ಮುರಕಲ್ಲಿಗೂ ಇರುವ ವ್ಯತ್ಯಾಸ ಗೊತ್ತಿರಬೇಕು. ಮಾಯಾಯಂತ್ರವೂ ಹಾಗೆ. ನಿಜವಾದ ಯಂತ್ರದೊಳಗೆ ಹೂಡಿದ ಒಂದು ಕಲ್ಪಿತ ಯಂತ್ರ ಅದು. ಪ್ರೋಗ್ರಾಮುಗಳು ಈ ಕಲ್ಪಿತ ಯಂತ್ರವನ್ನಷ್ಟೇ ಕಾಣುತ್ತವೆ. 1995ರಲ್ಲಿ ಜಗತ್ತಿನೆದುರು ಬಂದ ಜಾವಾ ಭಾಷೆ ಹೆಸರು ಮಾಡಿದ್ದು ಈ ಉಪಾಯದಿಂದಲೇ. ಬ್ರೆಜಿಲ್ ದೇಶದ ರಿಯೋ ನಗರದಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆಗೂ ಇಂಥದೊಂದಿದೆ. 'ಪ್ಯಾರಟ್', ಅಂದರೆ ಗಿಳಿ, ಎಂಬುದರ ಹುಟ್ಟಂತೂ ತಮಾಷೆಯದು. 2001ರ ಏಪ್ರಿಲ್ ಒಂದರಂದು ಜನರನ್ನು ಮೂರ್ಖರನ್ನಾಗಿಸಲು ಹಬ್ಬಿಸಿದ ಸುಳ್ಳು ಸುದ್ದಿಯ ಹೆಸರನ್ನು ಕೆಲವರು ನಿಜವಾದ ಮಾಯಾಯಂತ್ರಕ್ಕೇ ಇಟ್ಟರು. 2009ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯೂ ಹೊರಬಂದಿತು.

ಗೂಟ ಸಡಿಲಾದರೆ ಮಾತ್ರ ರಂಗಸ್ಥಳ ವಾಲುತ್ತದೆ. ನಮ್ಮ ಗ್ರಂಥಭಂಡಾರದಲ್ಲಿ ಆದದ್ದು ಅದೇ.

ಮೊದಲ ಸುಳಿವು ಸಿಕ್ಕಿದ್ದು ಹೀಗೆ. ಕನ್ನಡ ಬಿಟ್ಟು ಮರಾಠಿಯ ಹೆಸರೊಂದನ್ನು ಹಾಕಿ ನೋಡಿದೆ. ಅದೂ ನಡೆಯಲಿಲ್ಲ. ಸತ್ಯ ಹೇಳಬೇಕೆಂದರೆ ಸ್ವಲ್ಪ ಸಮಾಧಾನವಾಯಿತು. ಯಂತ್ರಕ್ಕೆ ಕನ್ನಡದ ಮೇಲೆ ಹಗೆಯಿಲ್ಲ, ಇಂಗ್ಲಿಷಲ್ಲದ ಯಾವುದನ್ನೂ ಅದು ಒಲ್ಲೆನೆನ್ನುತ್ತದೆ. ಗಣಕದಲ್ಲಿ ಅಕ್ಷರಗಳೆಲ್ಲ ಅಂಕಿಗಳೆಂಬುದು ವಾಚಕರಿಗೆ ಗೊತ್ತಿದ್ದೀತು. ಮೂಲ ಇಂಗ್ಲಿಷ್ ಅಕ್ಷರಗಳ ಅಂಕಿ 128ಕ್ಕಿಂತ ಕೆಳಗೆ. ನಮ್ಮ 'ಕ' ಅಕ್ಷರವನ್ನು ಈಗ ಬಳಕೆಯಲ್ಲಿರುವ ಯು.ಟಿ.ಎಫ್. 8 ಪದ್ಧತಿಯಲ್ಲಿ ಬರೆದರೆ ಮೂರು ಅಂಕಿ ಬೇಕು: 224, 178, 149. ಮೂರೂ 128ಕ್ಕಿಂತ ದೊಡ್ಡವು. ಕನ್ನಡದ ಪ್ರತಿಯೊಂದು ಅಕ್ಷರದ ಹಣೆಬರಹವೂ ಇಷ್ಟೇ.

ಇಲ್ಲಿಂದ ಮುಂದೆ ಖಾತೆಪುಸ್ತಕದ ಲೆಕ್ಕ. ಸಿ ಭಾಷೆಯಲ್ಲಿ 'ಚಾರ್' ಎಂಬ ಪುಟ್ಟ ಮನೆಯಲ್ಲಿ ಅಕ್ಷರದ ಅಂಕಿಯನ್ನು ಇಡುತ್ತಾರೆ. ಆ ಅಂಕಿಯನ್ನು ಬರೇ ಜಮೆಯೆಂದು ಓದಬೇಕೋ, ಜಮೆ ಮತ್ತು ಸಾಲ ಎರಡೂ ಇರಬಹುದೆಂದು ಓದಬೇಕೋ ಎಂಬುದನ್ನು ಆ ಭಾಷೆ ಕಟ್ಟುನಿಟ್ಟಾಗಿ ಹೇಳಿಲ್ಲ, ಯಂತ್ರದ ಅನುಕೂಲಕ್ಕೆ ಬಿಟ್ಟಿದೆ. ಸಿ ಭಾಷೆ ಬೆಳೆದ 1970ರ ದಶಕದ ಪಿ.ಡಿ.ಪಿ. 11 ಯಂತ್ರಕ್ಕೆ ಸಾಲದ ಓದು ಸಹಜವಾಗಿತ್ತು. ಮೊದಮೊದಲಿನ ಆರ್ಮ್ ಯಂತ್ರಗಳಿಗೆ ಜಮೆಯ ಓದು ಸಹಜವಾಗಿತ್ತು. ಆ ರೂಢಿ ಇಂದಿಗೂ ಉಳಿದಿದೆ. ಲಿನಕ್ಸ್ ನಡೆಸುವ ಇಂಟೆಲ್ ಬಗೆಯ ಲ್ಯಾಪ್‌ಟಾಪು 224ನ್ನು 32 ರೂಪಾಯಿ ಸಾಲವೆಂದು ಓದುತ್ತದೆ. ಅದೇ ಲಿನಕ್ಸ್ ನಡೆಸುವ ಆರ್ಮ್ ಬಗೆಯ ಪುಟ್ಟ ಯಂತ್ರ 224ನ್ನು 224 ಎಂದೇ ಓದುತ್ತದೆ. ದಾನವಾಗಿ ಬಂದದ್ದು ಆರ್ಮ್ ಬಗೆಯದು.

ಮಾಯಾಯಂತ್ರವನ್ನು ಬರೆದ ಪುಣ್ಯಾತ್ಮ ಪರಭಾಷೆಯವರ ಮೇಲಿನ ಕನಿಕರದಿಂದಲೇ ಒಂದು ಸಾಲು ಸೇರಿಸಿದ್ದ: ಅಂಕಿ ಸೊನ್ನೆಗಿಂತ ಕಡಿಮೆ ಬಂದರೆ ಅದು ಬೇರೆ ಭಾಷೆಯ ಅಕ್ಷರವಿದ್ದೀತು, ಒಪ್ಪಿಕೋ. ಅವನ ಯಂತ್ರದಲ್ಲಿ ಅದು ಸರಿ. ನಮ್ಮ ಪುಟ್ಟ ಯಂತ್ರದಲ್ಲಿ ಅಂಕಿ ಸೊನ್ನೆಗಿಂತ ಕಡಿಮೆ ಬರುವುದೇ ಇಲ್ಲ. ಹಾಗಾಗಿ ಕನ್ನಡ ಬಾಗಿಲಲ್ಲೇ ನಿಂತಿತು.

ಇದನ್ನು ಕಂಡುಹಿಡಿಯಲು ನನಗೆ ಮೂರು ವಾರ ಬೇಕಾಯಿತು. ನಿಜವಾದ ನೆರವು ಅಕ್ಕನ ಮಗನದು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಆ ಮಾಯಾಯಂತ್ರವನ್ನೇ ಮತ್ತೆ ಕಟ್ಟಿದ, ಈ ಸಲ 'ಚಾರನ್ನು ಜಮೆಯೆಂದೇ ಓದು' ಎಂದು ಅಪ್ಪಣೆ ಕೊಟ್ಟು. ಕೂಡಲೇ ಅವನ ಮನೆಯಲ್ಲೂ ಕನ್ನಡ ನಿಂತುಹೋಯಿತು. ರೋಗವನ್ನು ಬೇಕೆಂದಾಗ ಬರಿಸಲು ಬಂದರೆ ಔಷಧ ಅರ್ಧ ಸಿಕ್ಕಂತೆ.

ಈ ಮಾಯಾಯಂತ್ರ ಓಪನ್ ಸೋರ್ಸ್ ಬಗೆಯದು. ಅದರ ಒಳಬರಹ ಎಲ್ಲರಿಗೂ ತೆರೆದಿದೆ. ಯಾರೂ ಓದಬಹುದು, ತಿದ್ದಿ ಕಳುಹಿಸಬಹುದು. ಹಾಗೆ ಕಳುಹಿಸುವ ತಿದ್ದುಪಡಿಗೆ ಪ್ಯಾಚ್, ಅಂದರೆ ತೇಪೆ, ಎನ್ನುತ್ತಾರೆ. ಹಿಂದೆ ತೂತುಪಟ್ಟಿಗಳ ಕಾಲದಲ್ಲಿ ತಪ್ಪು ತೂತಿನ ಮೇಲೆ ನಿಜವಾಗಿಯೂ ಕಾಗದ ಅಂಟಿಸುತ್ತಿದ್ದರಂತೆ. ನನಗಂತೂ ತೇಪೆಯನ್ನು ಕಂಡೊಡನೆ ಕಚೇರಿಯ ನೆನಪಾಯಿತು. ನಿಯಮಾವಳಿಯ ಪುಸ್ತಕಗಳಿಗೆ 'ಕರೆಕ್ಷನ್ ಸ್ಲಿಪ್ಪು' ಬರುತ್ತವಲ್ಲ, ಇಂಥ ಪ್ಯಾರಾದಲ್ಲಿ ಇಂಥ ಶಬ್ದಗಳಿಗೆ ಬದಲು ಇಂಥ ಶಬ್ದಗಳನ್ನು ಓದಿಕೊಳ್ಳತಕ್ಕದ್ದು ಎಂದು? ಅದನ್ನು ಕತ್ತರಿಸಿ ಗೋಂದು ಹಚ್ಚಿ ಅಂಟಿಸುವುದೇ ಕಾರಕೂನನ ಮೊದಲ ಕೆಲಸ. ಗಣಕದ ತೇಪೆಯೂ ಅಕ್ಷರಶಃ ಅದೇ: ತೆಗೆದ ಸಾಲಿನ ಮುಂದೆ ಕಳೆಯುವ ಗುರುತು, ಸೇರಿಸಿದ ಸಾಲಿನ ಮುಂದೆ ಕೂಡುವ ಗುರುತು. ಅದನ್ನು ತಾನಾಗಿಯೇ ಅಂಟಿಸುವ 'ಪ್ಯಾಚ್' ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ ಎಂಬವರು 1985ರಲ್ಲೇ ಬರೆದಿಟ್ಟಿದ್ದಾರೆ.

ನನ್ನ ತೇಪೆ ಒಂದೇ ಸಾಲಿನದು. ಅಂಕಿಯನ್ನು ಮೊದಲು ಜಮೆಯೆಂದು ಸ್ಪಷ್ಟವಾಗಿ ಓದು, ಆಮೇಲೆ 128 ಅಥವಾ ಅದಕ್ಕಿಂತ ಹೆಚ್ಚಿದೆಯೇ ಎಂದು ಕೇಳು. ಹೆಮ್ಮೆಯಿಂದ ಕಳುಹಿಸಿದೆ. ನಾಲ್ಕನೆಯ ದಿನ ಮರಳಿ ಬಂತು.

ಬೈಗುಳವಿರಲಿಲ್ಲ. ಮೂರು ಮಾತಿದ್ದವು. ಒಂದು, ಅಕ್ಕಪಕ್ಕದ ಸಾಲುಗಳ ಓರಣವನ್ನೂ ನಾನು ಸರಿಪಡಿಸಿದ್ದೆ. ಒಂದು ತೇಪೆಯಲ್ಲಿ ಒಂದೇ ಹರಕು ಹೊಲಿಯಬೇಕಂತೆ. ಇದು ನಮ್ಮ ಕಚೇರಿಯಲ್ಲೂ ಜಾರಿಯಾದರೆ ಎಷ್ಟು ಚೆನ್ನ! ಎರಡು, ತಪ್ಪು ಮತ್ತೆ ಬಾರದಂತೆ ಕಾಯುವ ಪರೀಕ್ಷೆಯೊಂದನ್ನು ಜೊತೆಗೆ ಬರೆದುಕೊಡಬೇಕು. ಮೂರು, "ಇದೇ ನಂಬಿಕೆ ಬೇರೆಲ್ಲಾದರೂ ಅಡಗಿದೆಯೇ, ನೋಡಿದಿರಾ?"

ನೋಡಿರಲಿಲ್ಲ. ಹುಡುಕಿದರೆ ಇನ್ನೊಂದು ಸಿಕ್ಕಿತು, ಅದು ಹೆಚ್ಚು ಭಯಂಕರ. ಅಕ್ಷರದ ಅಂಕಿ ನೋಡಿ 256 ಮನೆಗಳ ಕೋಷ್ಟಕವೊಂದರಿಂದ ಅದರ ಜಾತಿ ತಿಳಿಯುವ ಭಾಗವದು. ಮೊದಲ ಮನೆ ಸೊನ್ನೆ. ಲ್ಯಾಪ್‌ಟಾಪು 224ನ್ನು 32 ಸಾಲವೆಂದು ಓದಿ, ಕೋಷ್ಟಕ ಆರಂಭವಾಗುವುದಕ್ಕೆ 32 ಮನೆ ಹಿಂದಕ್ಕೆ ಹೋಗಿ, ಅಲ್ಲಿ ಬಿದ್ದಿದ್ದ ಯಾರದೋ ಅಂಕಿಯನ್ನು ಎತ್ತಿಕೊಳ್ಳುತ್ತಿತ್ತು. ಇಷ್ಟು ದಿನ ಅಲ್ಲಿ ಕೇಡಿಲ್ಲದ ಅಂಕಿ ಇದ್ದದ್ದು ಬರಿಯ ಅದೃಷ್ಟ. 'ನಮ್ಮ ಮನ್ಯಾಗ ಛಲೋ ನಡೀತದ' ಎಂದ ಯಂತ್ರವೇ ರೋಗಿ. ತಕರಾರು ಮಾಡಿದ ನಮ್ಮ ಬಡ ಯಂತ್ರ ಈ ವಿಷಯದಲ್ಲಿ ಆರೋಗ್ಯವಾಗಿತ್ತು. ಬರಿಯ ಇಂಗ್ಲಿಷ್ ಬರೆಯುವವರಿಗೆ ಇದು ಎಂದಾದರೂ ಕಾಣುತ್ತಿತ್ತೇ? ಅವರ ಅಂಕಿಗಳು 128ನ್ನು ಮುಟ್ಟುವುದೇ ಇಲ್ಲವಲ್ಲ.

ಎರಡೂ ಹರಕಿಗೆ ಬೇರೆಬೇರೆ ತೇಪೆ ಹೊಲಿದೆ. ಆಗ ಅವರಿಂದ ಇನ್ನೊಂದು ಕೋರಿಕೆ: ಅಂಕಿಗಳನ್ನು ತಿರುವುಮುರುವಾಗಿ ಇಡುವ ಯಂತ್ರದಲ್ಲೂ ನಡೆಸಿ ನೋಡಿರಿ. ಇದನ್ನು ಮುಂಬಯಿಯ ಕನ್ನಡಿಗರಿಗೆ ವಿವರಿಸುವುದು ಕಷ್ಟವಲ್ಲ. ನಾವು 'ಇಪ್ಪತ್ತೈದು' ಎನ್ನುತ್ತೇವೆ, ಇಪ್ಪತ್ತು ಮೊದಲು. ಕಾಯಿಪಲ್ಲೆಯ ಬಾಯಿ 'ಪಂಚವೀಸ' ಎನ್ನುತ್ತಾಳೆ, ಐದು ಮೊದಲು. ಬೆಲೆ ಒಂದೇ, ಹೇಳುವ ಕ್ರಮ ಬೇರೆ. ಊರಿಂದ ಹೊಸದಾಗಿ ಬಂದ ನಮ್ಮ ತಾಯಿ ಬಾಯಿ ಹೇಳಿದ್ದಕ್ಕೆ 52 ಎಣಿಸಿಕೊಟ್ಟು ಬಂದದ್ದು ಮನೆಯಲ್ಲಿ ಇಂದಿಗೂ ಹಾಸ್ಯದ ಮಾತು. ಯಂತ್ರಗಳಲ್ಲೂ ಎರಡು ಪಂಗಡಗಳಿವೆ. 1980ರಲ್ಲಿ ಡ್ಯಾನಿ ಕೊಹೆನ್ ಎಂಬವರು, ತತ್ತಿಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಜಗಳವಾಡುವ ಗಲಿವರನ ಕಥೆಯ ಜನರಿಂದ ಈ ಪಂಗಡಗಳಿಗೆ ಹೆಸರು ತಂದರು. ಇಂಟೆಲ್ಲಿನವು ಚಿಕ್ಕದನ್ನು ಮೊದಲಿಡುತ್ತವೆ. ಐ.ಬಿ.ಎಂ.ನ ದೊಡ್ಡ ಯಂತ್ರಗಳು ದೊಡ್ಡದನ್ನು ಮೊದಲಿಡುತ್ತವೆ. ಪಂತನಗರದ ಒಂದೂವರೆ ಕೋಣೆಯ ಮನೆಗೆ ಐ.ಬಿ.ಎಂ.ನ ದೊಡ್ಡ ಯಂತ್ರವನ್ನು ಎಲ್ಲಿಂದ ತರಲಿ? ಅದಕ್ಕೂ ದಾರಿಯಿತ್ತು. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2003ರ ಸುಮಾರಿಗೆ ಆರಂಭಿಸಿದ 'ಕ್ಯೂಎಮು' ಎಂಬುದು ಬೇರೆ ಯಂತ್ರಗಳ ವೇಷ ಹಾಕಬಲ್ಲದು. ಲ್ಯಾಪ್‌ಟಾಪಿಗೆ ಐ.ಬಿ.ಎಂ. ವೇಷ ತೊಡಿಸಿ, ಅದರೊಳಗೆ ಮಾಯಾಯಂತ್ರ ಹೂಡಿ, ಅದರೊಳಗೆ ಮಾಸ್ತರರ ಪುಸ್ತಕಪಟ್ಟಿ ಓಡಿಸಿದೆವು. ಬಲು ನಿಧಾನ. ಹೆಂಡತಿ ಎರಡು ಸಲ ಚಹ ಮಾಡಿಕೊಟ್ಟಳು. ಆದರೆ ಓಡಿತು.

ಪರೀಕ್ಷೆಗೆ ಯಾವ ಶಬ್ದ ಹಾಕುವುದೆಂದು ಮಾಸ್ತರರನ್ನೇ ಕೇಳಿದೆ. ಅವರು ಕರಿಹಲಗೆಯ ಕಡೆ ಕೈ ತೋರಿಸಿದರು. ಆ ಮೂರು ಶಬ್ದಗಳನ್ನು ಯಾರೂ ಅಳಿಸಿರಲಿಲ್ಲ.

ತೇಪೆಗಳು ದೀಪಾವಳಿಯ ಹೊತ್ತಿಗೆ ಸ್ವೀಕಾರವಾದವು. ಈಗ ಜಗತ್ತಿನ ಯಾವ ಮೂಲೆಯಲ್ಲಾದರೂ ಯಾರಾದರೂ ಆ ಮಾಯಾಯಂತ್ರವನ್ನು ಹೊಸದಾಗಿ ಕಟ್ಟಿ ಅದರ ಪರೀಕ್ಷೆಗಳನ್ನು ನಡೆಸಿದರೆ, ಬೆಲೆ ಬೇರೆ, ಬೆಳೆ ಬೇರೆ, ಬೇಳೆ ಬೇರೆ ಎಂದು ಅವರ ಯಂತ್ರ ಒಪ್ಪಲೇಬೇಕು. ಇದನ್ನು ಕೇಳಿ ಮಾಸ್ತರರು, "ಪಗಾರ ಏನರೆ ಕೊಡ್ತಾರೇನು?" ಎಂದರು. ಇಲ್ಲವೆಂದೆ. "ರಾತ್ರಿಶಾಲಿ ಹಂಗ ಅನ್ನು" ಎಂದು ನಕ್ಕರು.

ಮಾಸ್ತರರು ಟೈಪು ಮಾಡುವುದು ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸದಲ್ಲಿ. ರಾಯರೂ ಕೊಲಾಬಾದ ಅದೇ ಟಾಟಾ ಸಂಸ್ಥೆಯಲ್ಲಿ ದುಡಿದವರೆಂದು ಹೇಳಿದಾಗಿನಿಂದ ಅವರ ಬೆರಳಿಗೆ ಇನ್ನಷ್ಟು ಉತ್ಸಾಹ ಬಂದಿದೆ. ಪಟ್ಟಿ ಈಗ 'ಪ' ಅಕ್ಷರದವರೆಗೆ ಮುಟ್ಟಿದೆ. ಮಳೆಗಾಲಕ್ಕೆ ಮೊದಲು ಉಳಿದ ಕಾರ್ಡುಗಳೂ ಏರಬೇಕೆಂದು ಅವರ ಹಟ. ಟೈಪು ಬಲ್ಲವರು ರವಿವಾರ ನಾಲ್ಕು ಗಂಟೆಯ ನಂತರ ಗ್ರಂಥಭಂಡಾರಕ್ಕೆ ಬಂದರೆ ಅವರಿಗೆ ಒಂದು ಕಟ್ಟು ಕಾರ್ಡು ಕಾದಿದೆ.